ಬಿಲ್ಲಿನ ಚಿಂತೆಯೋ, ಕತ್ತಲಿನ ಚಿಂತೆಯೋ: ಸೋಲಾರ್ ಮತ್ತು ಬ್ಯಾಟರಿ ಆಯ್ಕೆಗೆ ಮುನ್ನ

ಪಾಲಿಟೆಕ್ನಿಕ್‌ನಲ್ಲಿ ಮೂವತ್ತು ವರ್ಷ ವಿದ್ಯುತ್ ವಿಷಯ ಕಲಿಸಿ ನಿವೃತ್ತನಾದವನು ಎಂಬ ಕಾರಣಕ್ಕೆ ಬಾಗಲಕೋಟೆಯ ನವನಗರದ ನಮ್ಮ ಮನೆಗೆ ಜನ ಕೊಟೇಶನ್ ಹಿಡಿದು ಬರುತ್ತಾರೆ. ಒಂದು ಹಾಳೆಯಲ್ಲಿ ಮೂರು ಕಿಲೋವ್ಯಾಟ್ ಆನ್‌ಗ್ರಿಡ್ (ಹೊರಗಿನ ಲೈನಿಗೆ ಜೋಡಿಸಿದ, ಬ್ಯಾಟರಿಯಿಲ್ಲದ ಸೋಲಾರ್), ಇನ್ನೊಂದರಲ್ಲಿ ಲಿಥಿಯಂ ಬ್ಯಾಟರಿಯ ಹೈಬ್ರಿಡ್, ಮತ್ತೊಂದರಲ್ಲಿ ಹಳೆಯ ಇನ್ವರ್ಟರ್‌ಗೇ ಎರಡು ಪ್ಯಾನೆಲ್ ಜೋಡಿಸುವ ಲೆಕ್ಕ. ಮೂರನ್ನೂ ಮೇಜಿನ ಮೇಲೆ ಹರಡಿ "ಸರ್, ಇದರಲ್ಲಿ ಯಾವುದು ಒಳ್ಳೆಯದು?" ಎನ್ನುತ್ತಾರೆ. ಹಾಳೆ ಓದುವ ಮೊದಲು ನಾನು ಕೇಳುವುದು ಒಂದೇ ಪ್ರಶ್ನೆ: ನಿಮ್ಮನ್ನು ಕಾಡುತ್ತಿರುವುದು ಕರೆಂಟಿನ ಬಿಲ್ಲೋ, ಕರೆಂಟು ಹೋಗುವುದೋ?

ಈ ಪ್ರಶ್ನೆಯ ಬೆಲೆ ನನಗೆ ತಿಳಿದದ್ದು ವಿಜಯಪುರದಲ್ಲಿ, ಅಕ್ಕನ ಮನೆಯಲ್ಲಿ. ಏಪ್ರಿಲ್ ತಿಂಗಳ ನಡುಮಧ್ಯಾಹ್ನ. ಮಾಳಿಗೆಯ ಮೇಲೆ ಹೊಸದಾಗಿ ಕೂರಿಸಿದ ಆರು ಪ್ಯಾನೆಲ್‌ಗಳು ಬಿಸಿಲಿಗೆ ಕಣ್ಣು ಕುಕ್ಕುತ್ತಿದ್ದವು. ಅಷ್ಟರಲ್ಲಿ ಕರೆಂಟು ಹೋಯಿತು. ಫ್ಯಾನು ನಿಧಾನವಾಗಿ ನಿಂತಿತು. ಭಾವ ಎದ್ದು ಹೋಗಿ ಗೋಡೆಯ ಮೇಲಿನ ಇನ್ವರ್ಟರ್ ನೋಡಿದರು. ಹಸಿರು ದೀಪವಿದ್ದ ಕಡೆ ಕೆಂಪು ದೀಪ ಉರಿಯುತ್ತಿತ್ತು. "ಸೂರ್ಯ ನೆತ್ತಿಯ ಮೇಲೇ ಇದ್ದಾನಲ್ಲ, ಇದಕ್ಕೇನಾಯಿತು?" ಎಂದು ನನ್ನ ಕಡೆ ತಿರುಗಿದರು.

ಯಂತ್ರ ಕೆಟ್ಟಿರಲಿಲ್ಲ. ಗ್ರಿಡ್‌ಗೆ ಜೋಡಿಸಿದ ಇನ್ವರ್ಟರ್ ಹೊರಗಿನ ಲೈನಿನ ತಾಳ ಹಿಡಿದೇ ಕೆಲಸ ಮಾಡುತ್ತದೆ. ಲೈನು ಸತ್ತ ಕ್ಷಣ ತಾನೂ ನಿಲ್ಲುತ್ತದೆ. ನಿಲ್ಲಲೇಬೇಕು. ಇಲ್ಲವಾದರೆ ಕಂಬ ಹತ್ತಿ ತಂತಿ ಮುಟ್ಟಿದ ಲೈನ್‌ಮನ್‌ಗೆ ನಮ್ಮ ಮಾಳಿಗೆಯ ಕರೆಂಟು ಹೊಡೆಯುತ್ತದೆ. ಮಾರಿದವರು ಇದನ್ನು ಹೇಳಿರಲಿಲ್ಲ. ನಾನೂ ಕೊಟೇಶನ್ನಿನ ದರ ನೋಡಿ ಹಾಕಿಸಿ ಎಂದಿದ್ದೆನೇ ಹೊರತು ಅಕ್ಕನಿಗೆ ಬೇಕಾದದ್ದೇನೆಂದು ಕೇಳಿರಲಿಲ್ಲ. ಗೃಹಜ್ಯೋತಿಯಲ್ಲಿ ಅವಳಿಗೆ ಸೊನ್ನೆ ಬಿಲ್ಲು ಬರುತ್ತಿತ್ತು. ಅವಳಿಗೆ ಬೇಕಾಗಿದ್ದದ್ದು ಹಾಸಿಗೆ ಹಿಡಿದ ಅತ್ತೆಯವರ ಕೋಣೆಯಲ್ಲಿ ನಿಲ್ಲದೆ ತಿರುಗುವ ಒಂದು ಫ್ಯಾನು.

ಯಾವುದನ್ನು ಅಳೆದು ನೋಡಬೇಕು

ಮೊದಲನೆಯದು ಬಿಲ್ಲು. ಹಿಂದಿನ ಹನ್ನೆರಡು ತಿಂಗಳ ಬಿಲ್ಲು ತೆಗೆದು ಯೂನಿಟ್‌ಗಳನ್ನು ಬರೆದುಕೊಳ್ಳಿ. ಬೇಸಿಗೆಯ ಒಂದು ತಿಂಗಳ ಬಿಲ್ಲು ಮಾತ್ರ ನೋಡಿದರೆ ಮೋಸ ಹೋಗುತ್ತೀರಿ. ಎರಡನೆಯದು ಕತ್ತಲೆ: ದಿನಕ್ಕೆ ಎಷ್ಟು ಹೊತ್ತು ಕರೆಂಟು ಇರುವುದಿಲ್ಲ, ಆ ಹೊತ್ತಿನಲ್ಲಿ ಏನೇನು ನಡೆಯಲೇಬೇಕು. ಮೂರನೆಯದು ಜಾಗ. ಒಂದು ಕಿಲೋವ್ಯಾಟ್‌ಗೆ ನೆರಳು ಬೀಳದ ಸುಮಾರು 100 ಚದರ ಅಡಿ ಬೇಕು. ಮಣ್ಣಿನ ಮಾಳಿಗೆಯ ಹಳೆಯ ಮನೆಯಾದರೆ ಮೇಲೆ ಭಾರ ಹೇರಬೇಡಿ. ದೊಡ್ಡ ಪ್ಯಾನೆಲ್ ಒಂದೊಂದೂ ಮೂವತ್ತು ಕಿಲೋ ಆಸುಪಾಸು ತೂಗುತ್ತದೆ, ಗಾಳಿಯ ಸೆಳೆತ ಬೇರೆ. ಹಿತ್ತಲಲ್ಲಿ ಕಬ್ಬಿಣದ ಕಂಬ ನೆಟ್ಟು ಕೂರಿಸುವುದೇ ಕ್ಷೇಮ. ಕೊನೆಯದು ಹಣ. ಇಂದು ಕೊಡುವ ಮೊತ್ತದ ಜೊತೆಗೆ ಹತ್ತು ವರ್ಷದಲ್ಲಿ ಒಟ್ಟು ಎಷ್ಟು ಹೋಗುತ್ತದೆ ಎಂಬುದನ್ನೂ ಬರೆಯಿರಿ. ಕೆಟ್ಟಾಗ ನಿಮ್ಮ ಊರಿಗೆ ಬರುವವರು ಯಾರು ಎಂಬುದೂ ಹಣದ ಲೆಕ್ಕವೇ.

ಬಿಲ್ಲಿನ ಚಿಂತೆಯವರಿಗೆ: ಆನ್‌ಗ್ರಿಡ್

2024ರಲ್ಲಿ ಆರಂಭವಾದ ಪಿಎಂ ಸೂರ್ಯಘರ್ ಯೋಜನೆಯ ಸಹಾಯಧನ ಮೊದಲ ಎರಡು ಕಿಲೋವ್ಯಾಟ್‌ಗೆ ತಲಾ 30,000 ರೂಪಾಯಿ, ಮೂರನೆಯದಕ್ಕೆ 18,000. ಅಂದರೆ ಮೂರು ಕಿಲೋವ್ಯಾಟ್‌ಗೆ 78,000. ಅದಕ್ಕಿಂತ ದೊಡ್ಡದು ಹಾಕಿಸಿದರೂ ಅಷ್ಟೇ. ದೇಶದಲ್ಲೇ ತಯಾರಾದ ಸೆಲ್‌ಗಳಿರುವ ಪ್ಯಾನೆಲ್ ಆಗಿರಬೇಕು, ಅರ್ಜಿ ರಾಷ್ಟ್ರೀಯ ಪೋರ್ಟಲ್ ಮೂಲಕವೇ ಹೋಗಬೇಕು, ಆರ್‌ಆರ್ ನಂಬರ್ (ಬಿಲ್ಲಿನಲ್ಲಿರುವ ಮೀಟರ್ ಸಂಪರ್ಕದ ಸಂಖ್ಯೆ) ನಿಮ್ಮ ಹೆಸರಿನಲ್ಲಿರಬೇಕು. ಮೀಟರ್ ಇನ್ನೂ ತೀರಿಹೋದ ತಂದೆಯವರ ಹೆಸರಿನಲ್ಲಿದ್ದರೆ ಹೆಸರು ಬದಲಾವಣೆಯಿಂದಲೇ ಶುರು ಮಾಡಿ. 2024ರ ನಿಯಮ ತಿದ್ದುಪಡಿಯ ನಂತರ 10 ಕಿಲೋವ್ಯಾಟ್‌ವರೆಗಿನ ಅರ್ಜಿಗೆ ತಾಂತ್ರಿಕ ಪರಿಶೀಲನೆಯ ಅಡ್ಡಿಯಿಲ್ಲ.

ಲೆಕ್ಕ ಹೀಗೆ. ನಮ್ಮ ಬಿಸಿಲಿಗೆ ಒಂದು ಕಿಲೋವ್ಯಾಟ್‌ನಿಂದ ವರ್ಷದ ಸರಾಸರಿಯಲ್ಲಿ ದಿನಕ್ಕೆ ನಾಲ್ಕು ಯೂನಿಟ್ ಹಿಡಿಯಬಹುದು. ಮೂರು ಕಿಲೋವ್ಯಾಟ್ ಎಂದರೆ ತಿಂಗಳಿಗೆ ಸುಮಾರು 360 ಯೂನಿಟ್. ಯೂನಿಟ್‌ಗೆ ಆರು ರೂಪಾಯಿಯಂತೆ 2,100ಕ್ಕೂ ಮಿಕ್ಕ ಉಳಿತಾಯ. ಸುಮಾರು 1.8 ಲಕ್ಷದ ವ್ಯವಸ್ಥೆಗೆ ಸಹಾಯಧನ ಕಳೆದರೆ ಕೈಯಿಂದ ಹೋಗುವುದು ಲಕ್ಷದ ಆಸುಪಾಸು. ನಾಲ್ಕು ವರ್ಷಕ್ಕೆ ಅಸಲು ಬರುತ್ತದೆ, ಪ್ಯಾನೆಲ್ ಇಪ್ಪತ್ತೈದು ವರ್ಷ ದುಡಿಯುತ್ತದೆ. ಎರಡು ಎಸಿ ಇರುವ ಮನೆ, ಕೂಡು ಕುಟುಂಬ, ಕೆಳಗೆ ಬಾಡಿಗೆಗೆ ಕೊಟ್ಟು ಒಂದೇ ಮೀಟರ್ ಇಟ್ಟುಕೊಂಡವರು, ಒಟ್ಟಿನಲ್ಲಿ ತಿಂಗಳಿಗೆ 300 ಯೂನಿಟ್ ದಾಟುವವರಿಗೆ ಇದಕ್ಕಿಂತ ಒಳ್ಳೆಯ ಹೂಡಿಕೆ ನನಗೆ ಗೊತ್ತಿಲ್ಲ.

ಆದರೆ ಬಳಸುವುದಕ್ಕಿಂತ ದೊಡ್ಡದು ಹಾಕಿಸಿ ಹೆಸ್ಕಾಂಗೆ ಕರೆಂಟು ಮಾರಿ ಗಳಿಸುತ್ತೇನೆ ಎನ್ನಬೇಡಿ. ಹೆಚ್ಚುವರಿ ಯೂನಿಟ್‌ಗೆ ಸಿಗುವ ದರ ನಾವು ಕೊಳ್ಳುವ ದರಕ್ಕಿಂತ ಕಡಿಮೆ. ನಿಗದಿತ ಶುಲ್ಕವೂ ಎಂದಿನಂತೆ ಬರುತ್ತಲೇ ಇರುತ್ತದೆ.

ಇನ್ನು ಗೃಹಜ್ಯೋತಿ. 2023ರಿಂದ ನಮ್ಮ ಬಹುಪಾಲು ಮನೆಗಳ ಲೆಕ್ಕವನ್ನೇ ಅದು ಬದಲಿಸಿದೆ. 2022–23ರ ಸರಾಸರಿ ಬಳಕೆಯ ಮೇಲೆ ಸಾಮಾನ್ಯವಾಗಿ ಶೇಕಡಾ 10 ಸೇರಿಸಿದಷ್ಟು ಉಚಿತ, ಗರಿಷ್ಠ 200 ಯೂನಿಟ್. 200 ದಾಟಿದ ತಿಂಗಳು ಪೂರ್ತಿ ಬಿಲ್ಲು. ನಿಮ್ಮ ಬಿಲ್ಲು ಸೊನ್ನೆ ಬರುತ್ತಿದ್ದರೆ ಆನ್‌ಗ್ರಿಡ್ ಸೋಲಾರ್ ಉಳಿಸುವುದು ಏನನ್ನು? ಸೊನ್ನೆಯಿಂದ ಕಳೆಯಲು ಏನೂ ಇಲ್ಲ. ಪ್ರತಿ ತಿಂಗಳು 210, 220 ಎಂದು ಗಡಿ ದಾಟುವವರು ಲಕ್ಷ ರೂಪಾಯಿಯ ಪ್ಯಾನೆಲ್‌ಗಿಂತ ಮೊದಲು ಹಳೆಯ ಫ್ಯಾನುಗಳನ್ನು ಬದಲಿಸಲಿ. ಎಲ್ಲಕ್ಕಿಂತ ಮುಖ್ಯವಾಗಿ, ಸೋಲಾರ್ ಮೀಟರ್ ಕೂತ ಮೇಲೆ ನಿಮ್ಮ ಆರ್‌ಆರ್ ನಂಬರಿನ ಗೃಹಜ್ಯೋತಿ ಹೇಗೆ ಲೆಕ್ಕವಾಗುತ್ತದೆ ಎಂದು ಸೆಕ್ಷನ್ ಕಚೇರಿಯಲ್ಲಿ ಮುಂಚಿತವಾಗಿ ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ.

ಕತ್ತಲಿನ ಚಿಂತೆಯವರಿಗೆ: ಬ್ಯಾಟರಿ

ಇಲ್ಲಿ ಕಾಗದ, ಪೆನ್ನು ಹಿಡಿದು ಕೂರಬೇಕು. ಸಂಜೆ ಆರರಿಂದ ಹತ್ತರವರೆಗೆ ಕರೆಂಟು ಇಲ್ಲ ಎಂದುಕೊಳ್ಳಿ. ಹಳೆಯ ಮಾದರಿಯ ಎರಡು ಫ್ಯಾನಿಗೆ 150 ವ್ಯಾಟ್, ನಾಲ್ಕು ಎಲ್‌ಇಡಿ ಬಲ್ಬಿಗೆ 36, ಟಿವಿಗೆ 80, ವೈಫೈಗೆ 10. ಒಟ್ಟು 276 ವ್ಯಾಟ್. ನಾಲ್ಕು ಗಂಟೆಗೆ 1.1 ಯೂನಿಟ್ (ಸಾವಿರ ವ್ಯಾಟ್ ಒಂದು ಗಂಟೆ ನಡೆದರೆ ಒಂದು ಯೂನಿಟ್). ಈಗ ಅಂಗಡಿಯಲ್ಲಿ ಸಿಗುವ 150 ಎಎಚ್ (ಆಂಪಿಯರ್-ಗಂಟೆ) ಟ್ಯೂಬುಲರ್ ಬ್ಯಾಟರಿ, ಅಂದರೆ ನೀರು ಹಾಕುವ ಸೀಸದ ಬ್ಯಾಟರಿ ನೋಡಿ. 12 ವೋಲ್ಟ್‌ನಿಂದ ಗುಣಿಸಿದರೆ 1.8 ಯೂನಿಟ್. ಆದರೆ ಸೀಸದ ಬ್ಯಾಟರಿಯನ್ನು ದಿನವೂ ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಆಯುಸ್ಸು ಬೇಗ ಮುಗಿಯುತ್ತದೆ. ಹಾಗಾಗಿ ಕೈಗೆ ಸಿಗುವುದು 0.9 ಯೂನಿಟ್, ಇನ್ವರ್ಟರ್‌ನ ನಷ್ಟ ಕಳೆದರೆ ಮೂರು ಗಂಟೆಯೂ ತುಂಬುವುದಿಲ್ಲ.

100 ಎಎಚ್‌ನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ 12.8 ವೋಲ್ಟ್‌ನಂತೆ 1.28 ಯೂನಿಟ್. ಕಾಗದದ ಮೇಲೆ ಚಿಕ್ಕದು. ಆದರೆ ಅದನ್ನು ಶೇಕಡಾ 85–90ರವರೆಗೂ ಬಳಸಬಹುದು, ಕೈಗೆ 1.1 ಯೂನಿಟ್ ಬರುತ್ತದೆ. 150ರ ಸೀಸಕ್ಕಿಂತ 100ರ ಲಿಥಿಯಂ ಹೆಚ್ಚು ಹೊತ್ತು ನಡೆಯುತ್ತದೆ ಎಂದರೆ ಅಂಗಡಿಗೆ ಬಂದವರು ನಂಬುವುದಿಲ್ಲ, ಆದ್ದರಿಂದಲೇ ಈ ಲೆಕ್ಕವನ್ನು ಬಿಡಿಸಿ ಬರೆದೆ.

ಬ್ಯಾಟರಿಗೆ ಕೈ ಹಾಕುವ ಮೊದಲು ಇನ್ನೊಂದು ದಾರಿ ಇದೆ. ಆ ಎರಡು ಫ್ಯಾನು ತೆಗೆದು ತಲಾ 30 ವ್ಯಾಟ್‌ನ ಬಿಎಲ್‌ಡಿಸಿ (ಕಡಿಮೆ ಕರೆಂಟು ಬಳಸುವ ಮೋಟಾರಿನ) ಫ್ಯಾನು ಹಾಕಿದರೆ ಒಟ್ಟು ಹೊರೆ 186 ವ್ಯಾಟ್‌ಗೆ ಇಳಿಯುತ್ತದೆ. ಅದೇ ಟ್ಯೂಬುಲರ್ ಬ್ಯಾಟರಿ ನಾಲ್ಕು ಗಂಟೆ ದಾಟಿಸುತ್ತದೆ. ಐದಾರು ಸಾವಿರದಲ್ಲಿ ಮುಗಿಯುವ ಕೆಲಸಕ್ಕೆ ಎರಡನೇ ಬ್ಯಾಟರಿ ಕೊಂಡವರನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಹಾಗಾದರೆ ಸೀಸವೋ, ಲಿಥಿಯಮ್ಮೋ? ಟ್ಯೂಬುಲರ್ ಇಂದು 15,000ದ ಆಸುಪಾಸಿಗೆ ಸಿಗುತ್ತದೆ, ನಾಲ್ಕೈದು ವರ್ಷ ಬಾಳುತ್ತದೆ, ಹಳೆಯದನ್ನು ಕೊಟ್ಟರೆ ಸ್ವಲ್ಪ ಹಣ ಮರಳುತ್ತದೆ, ತಾಲೂಕು ಕೇಂದ್ರದಲ್ಲೂ ರಿಪೇರಿಯವರಿದ್ದಾರೆ. ಎರಡು ಮೂರು ತಿಂಗಳಿಗೊಮ್ಮೆ ಡಿಸ್ಟಿಲ್ಡ್ ವಾಟರ್ ಹಾಕಬೇಕು. ಬೋರ್‌ವೆಲ್ ನೀರು ಸುರಿದರೆ ಅಲ್ಲಿಗೆ ಅದರ ಕಥೆ ಮುಗಿಯಿತು. ಲಿಥಿಯಂಗೆ ಇಂದು 25,000ದ ಹತ್ತಿರ ತೆರಬೇಕು, ಆದರೆ ಒಳ್ಳೆಯದಾದರೆ ಹತ್ತು ವರ್ಷ ಬರುತ್ತದೆ. ಹತ್ತು ವರ್ಷದ ಲೆಕ್ಕದಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ ಗೆರೆಯಲ್ಲಿ ಬಂದು ನಿಲ್ಲುತ್ತವೆ.

ತೀರ್ಪು ಕೊಡುವುದು ನಿಮ್ಮ ಊರಿನ ಕರೆಂಟಿನ ಸ್ವಭಾವ. ದೊಡ್ಡ ಟ್ಯೂಬುಲರ್ ಪೂರ್ತಿ ತುಂಬಲು ಹತ್ತು ಹನ್ನೆರಡು ಗಂಟೆ ಬೇಕು. ಕರೆಂಟು ಎರಡು ಗಂಟೆ ಬಂದು ಮೂರು ಗಂಟೆ ಹೋಗುವ ಹಳ್ಳಿಯಲ್ಲಿ ಅದು ಎಂದೂ ತುಂಬುವುದಿಲ್ಲ. ಅರೆಹೊಟ್ಟೆಯಲ್ಲೇ ಉಳಿದ ಸೀಸದ ಫಲಕಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಎರಡೇ ವರ್ಷಕ್ಕೆ ಬ್ಯಾಟರಿ ಮಲಗುತ್ತದೆ. ಲಿಥಿಯಂ ಮೂರು ನಾಲ್ಕು ಗಂಟೆಯಲ್ಲಿ ತುಂಬುತ್ತದೆ, ಅರೆಹೊಟ್ಟೆಯಲ್ಲಿದ್ದರೂ ಅದಕ್ಕೆ ಬೇಸರವಿಲ್ಲ. ತಿಂಗಳಿಗೆ ನಾಲ್ಕು ಸಲ ಮಾತ್ರ ಕರೆಂಟು ಹೋಗುವ ಪೇಟೆಯವರಿಗೆ ಟ್ಯೂಬುಲರ್ ಸಾಕು. ಅಡವಿಯ ಲೈನಿನಲ್ಲಿರುವವರಿಗೆ ಲಿಥಿಯಂ ಲೇಸು. ಆದರೆ ಲಿಥಿಯಂ ಕೊಳ್ಳುವಾಗ ಈಗಿರುವ ಇನ್ವರ್ಟರ್‌ನಲ್ಲಿ ಅದಕ್ಕೆ ಹೊಂದುವ ಚಾರ್ಜಿಂಗ್ ವ್ಯವಸ್ಥೆ ಇದೆಯೇ ಎಂದು ಖಚಿತಪಡಿಸಿಕೊಳ್ಳಿ.

ಎರಡಕ್ಕೂ ಶತ್ರು ನಮ್ಮ ಬೇಸಿಗೆ. ವಿಜಯಪುರದ 42 ಡಿಗ್ರಿಯಲ್ಲಿ ತಗಡಿನ ಶೆಡ್ಡಿನಡಿ ಬ್ಯಾಟರಿ ಇಟ್ಟರೆ ಯಾವ ವಾರಂಟಿಯೂ ಅದನ್ನು ಉಳಿಸದು. ಮೆಟ್ಟಿಲಿನ ಕೆಳಗೆ, ಗಾಳಿಯಾಡುವ ತಂಪು ಜಾಗ ಮಾಡಿಕೊಡಿ. ಸೀಸದ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಅನಿಲ ಬಿಡುತ್ತದೆ, ಹಾಗಾಗಿ ಬಾಗಿಲು ಮುಚ್ಚಿದ ಕೋಣೆ ಬೇಡ, ಪಕ್ಕದಲ್ಲಿ ದೇವರ ದೀಪವೂ ಬೇಡ.

ಎರಡೂ ಬೇಕೆನ್ನುವವರಿಗೆ

ಹೈಬ್ರಿಡ್ ಎಂದರೆ ಗ್ರಿಡ್, ಪ್ಯಾನೆಲ್, ಬ್ಯಾಟರಿ ಮೂರನ್ನೂ ನಡೆಸುವ ಇನ್ವರ್ಟರ್. ಲೈನು ಹೋದಾಗ ಮನೆಯನ್ನು ಅದರಿಂದ ಬೇರ್ಪಡಿಸಿಕೊಂಡು ಪ್ಯಾನೆಲ್ ಮತ್ತು ಬ್ಯಾಟರಿಯಿಂದ ನಡೆಸುತ್ತದೆ. ಅಕ್ಕನ ಮನೆಯ ಕೆಂಪು ದೀಪ ಇಲ್ಲಿ ಉರಿಯುವುದಿಲ್ಲ. ಮೂರು ಕಿಲೋವ್ಯಾಟ್ ಪ್ಯಾನೆಲ್, ಐದು ಯೂನಿಟ್ ಲಿಥಿಯಂ ಸೇರಿ ಮೂರು ಲಕ್ಷ ದಾಟುತ್ತದೆ. 78,000ದ ಸಹಾಯಧನ ಪ್ಯಾನೆಲ್ ಲೆಕ್ಕದಲ್ಲಿ ಸಿಗುತ್ತದೆ, ಬ್ಯಾಟರಿಗೆ ನಯಾಪೈಸೆ ಇಲ್ಲ.

ಇದು ನನಗೆ ಅನ್ಯಾಯವಾಗಿ ಕಾಣುತ್ತದೆ. ಹಗಲು ಸೌರ ವಿದ್ಯುತ್ತು ತುಂಬಿ ತುಳುಕಿ ಸಂಜೆ ಕೊರತೆ ಬೀಳುವುದು ಸರ್ಕಾರಕ್ಕೂ ಗೊತ್ತಿದೆ. ದೊಡ್ಡ ಬ್ಯಾಟರಿ ಘಟಕಗಳಿಗೆ ಬಂಡವಾಳದ ಶೇಕಡಾ 40ರವರೆಗೆ ನೆರವು ನೀಡುವ ಯೋಜನೆಗೆ ಕೇಂದ್ರ ಸಂಪುಟ 2023ರಲ್ಲೇ ಒಪ್ಪಿಗೆ ಕೊಟ್ಟಿತು. 2025ರ ಫೆಬ್ರುವರಿಯಲ್ಲಿ ಹೊಸ ಸೌರ ಟೆಂಡರ್‌ಗಳಲ್ಲಿ ಸ್ಥಾಪಿತ ಸಾಮರ್ಥ್ಯದ ಕನಿಷ್ಠ ಶೇಕಡಾ 10ರಷ್ಟು, ಎರಡು ಗಂಟೆಯ ಸಂಗ್ರಹವೂ ಇರಲಿ ಎಂದು ಕೇಂದ್ರ ವಿದ್ಯುತ್ ಪ್ರಾಧಿಕಾರ ಸಲಹೆ ಮಾಡಿತು. ನಮ್ಮ ಸವದತ್ತಿಯ ಬಳಿ ನೀರನ್ನು ಮೇಲೆತ್ತಿ ಸಂಜೆ ಇಳಿಸಿ ವಿದ್ಯುತ್ ಪಡೆಯುವ ಪಂಪ್ಡ್ ಸ್ಟೋರೇಜ್ ಯೋಜನೆ ರೂಪುಗೊಳ್ಳುತ್ತಿದೆ. ಅಂದರೆ ಸಂಗ್ರಹಕ್ಕೆ ಬೆಲೆ ಇದೆ ಎಂದು ಒಪ್ಪಿಯಾಗಿದೆ. ಮನೆಯ ಮೆಟ್ಟಿಲ ಕೆಳಗಿನ ಬ್ಯಾಟರಿಯೂ ಸಂಜೆಯ ಹೊರೆಯನ್ನೇ ಇಳಿಸುತ್ತದೆ. ಅದಕ್ಕೂ ನೀತಿಯಲ್ಲಿ ಒಂದು ಸಾಲು ಬೇಕು. ಸದ್ಯಕ್ಕೆ 2025ರ ಸೆಪ್ಟೆಂಬರ್‌ನಲ್ಲಿ ಜಿಎಸ್‌ಟಿ ಸೌರ ಉಪಕರಣಗಳಿಗೆ ಶೇಕಡಾ 12ರಿಂದ 5ಕ್ಕೆ ಇಳಿದದ್ದಷ್ಟೇ ಸಮಾಧಾನ. ಲಿಥಿಯಂ ಬ್ಯಾಟರಿಗೆ ಈಗಲೂ 18.

ಹಾಗಾಗಿ ಹೈಬ್ರಿಡ್ ಅನ್ನು ನಾನು ಒಪ್ಪುವುದು ಕರೆಂಟು ಹೋದರೆ ದುಡಿಮೆಯೇ ನಿಲ್ಲುವವರಿಗೆ: ಮನೆಯಲ್ಲೇ ದವಾಖಾನೆ ಇಟ್ಟ ವೈದ್ಯರು, ಕಂಪ್ಯೂಟರ್ ಕೆಲಸದವರು, ಔಷಧಿಯ ಫ್ರಿಜ್ ಇರುವ ಅಂಗಡಿ. ಉಳಿದವರು ಹೈಬ್ರಿಡ್ ಇನ್ವರ್ಟರ್ ಮಾತ್ರ ಈಗ ಹಾಕಿಸಿ ಬ್ಯಾಟರಿಯನ್ನು ಎರಡು ವರ್ಷದ ಮೇಲೆ ಸೇರಿಸಬಹುದು; ಹೆಚ್ಚಿಗೆ ಬೀಳುವ ಮೂವತ್ತು ನಲವತ್ತು ಸಾವಿರ ದಂಡವಲ್ಲ. ರಬಕವಿ-ಬನಹಟ್ಟಿಯ ಮಗ್ಗದವರೂ ಕೇಳುತ್ತಾರೆ. ಮಗ್ಗಗಳನ್ನು ಬ್ಯಾಟರಿಯ ಮೇಲೆ ಗಂಟೆಗಟ್ಟಲೆ ಓಡಿಸುವುದು ಈಗಿನ ದರದಲ್ಲಿ ಕಟ್ಟುವುದಿಲ್ಲ. ಬೆಳಕಿಗೆ, ಫ್ಯಾನಿಗೆ ಮಾತ್ರ ಮಾಡಿಕೊಳ್ಳಿ.

ಕಡಿಮೆ ಹಣದವರಿಗೆ, ಬಾಡಿಗೆ ಮನೆಯವರಿಗೆ

ಮನೆಯಲ್ಲಿ ಇನ್ವರ್ಟರ್, ಬ್ಯಾಟರಿ ಆಗಲೇ ಇದ್ದರೆ ಎರಡು ಚಿಕ್ಕ ಪ್ಯಾನೆಲ್, ಒಂದು ಚಾರ್ಜ್ ಕಂಟ್ರೋಲರ್ (ಪ್ಯಾನೆಲ್ಲಿನ ಕರೆಂಟನ್ನು ಬ್ಯಾಟರಿಗೆ ಹೊಂದಿಸುವ ಪೆಟ್ಟಿಗೆ) ಸೇರಿಸಿ ಹದಿನೈದು ಇಪ್ಪತ್ತು ಸಾವಿರದಲ್ಲಿ ಮುಗಿಸಬಹುದು. ಹೆಸ್ಕಾಂ ಅನುಮತಿ ಬೇಡ, ಸಹಾಯಧನವೂ ಇಲ್ಲ, ಮನೆ ಬಿಡುವಾಗ ಬಿಚ್ಚಿಕೊಂಡು ಹೋಗಬಹುದು. ಅಕ್ಕನ ಪಕ್ಕದ ಮನೆಯವರು ಹೀಗೇ ಮಾಡಿದರು, ಆದರೆ ಮೊದಲ ಸಲ ಎಡವಿದರು. ಅಂಗಡಿಯವರು ಅಗ್ಗದ ಪಿಡಬ್ಲ್ಯುಎಂ ಕಂಟ್ರೋಲರ್‌ಗೆ 550 ವ್ಯಾಟ್‌ನ ದೊಡ್ಡ ಪ್ಯಾನೆಲ್ ಜೋಡಿಸಿ ಕೊಟ್ಟಿದ್ದರು. ನಲವತ್ತು ವೋಲ್ಟ್‌ನ ಪ್ಯಾನೆಲ್ಲನ್ನು ಆ ಪೆಟ್ಟಿಗೆ ಹನ್ನೆರಡು ವೋಲ್ಟ್‌ನ ಬ್ಯಾಟರಿಯ ಮಟ್ಟಕ್ಕೆ ಎಳೆದು ಕೂರಿಸುತ್ತದೆ; ಸಿಗುವುದು ಮೂರನೇ ಒಂದು ಭಾಗ. ನಾನು ಮೀಟರ್ ಹಿಡಿದು ತೋರಿಸಿದ ಮೇಲೆ, ಹೆಚ್ಚಿನ ವೋಲ್ಟನ್ನು ವ್ಯರ್ಥ ಮಾಡದೆ ಬ್ಯಾಟರಿಗೆ ಹೊಂದಿಸುವ ಎಂಪಿಪಿಟಿ ಕಂಟ್ರೋಲರ್‌ಗೆ ಬದಲಿಸಿಕೊಂಡರು. ಪ್ಯಾನೆಲ್ ಅದೇ, ಬಿಸಿಲು ಅದೇ, ಬ್ಯಾಟರಿ ಮಧ್ಯಾಹ್ನಕ್ಕೇ ತುಂಬತೊಡಗಿತು.

ತೋಟದ ಮನೆ ಮತ್ತು ಬಾವಿ

ಹೊಲದಲ್ಲಿ ಮನೆ ಮಾಡಿಕೊಂಡವರ ಕಷ್ಟ ಬೇರೆ. ಊರಿನ ಮನೆಗಳಿಗೆ ಇಡೀ ದಿನ ಕರೆಂಟು ಕೊಡುವ ನಿರಂತರ ಜ್ಯೋತಿ ಲೈನು ಅಲ್ಲಿಗೆ ಮುಟ್ಟಿರುವುದಿಲ್ಲ. ಪಂಪ್‌ಸೆಟ್ ಲೈನಿನಲ್ಲಿ ಬಂದಷ್ಟು ಹೊತ್ತು ಬೆಳಕು. ಇವರಿಗೆ ಹೊರಗಿನ ಲೈನನ್ನು ನೆಚ್ಚದ ಆಫ್‌ಗ್ರಿಡ್ ಸರಿ: ಒಂದು ಕಿಲೋವ್ಯಾಟ್ ಪ್ಯಾನೆಲ್, ಎರಡೂವರೆ ಯೂನಿಟ್ ಲಿಥಿಯಂ. ಓದುವ ಮಕ್ಕಳಿರುವ ಮನೆಗೆ ಇದು ಮೊದಲ ಖರ್ಚಾಗಲಿ ಎಂಬುದು ನನ್ನ ಕಳಕಳಿ. ಬೆಳಗಾವಿಯ ಕಡೆಯವರು, ಅದರಲ್ಲೂ ಖಾನಾಪುರದವರು, ಜೂನ್‌ನಿಂದ ಆಗಸ್ಟ್‌ವರೆಗಿನ ಮೋಡವನ್ನು ಲೆಕ್ಕಕ್ಕೆ ಹಿಡಿಯಲೇಬೇಕು. ಉತ್ಪಾದನೆ ಅರ್ಧಕ್ಕೂ ಇಳಿಯುವ ದಿನಗಳಿರುತ್ತವೆ. ಅಲ್ಲಿ ಪ್ಯಾನೆಲ್ ಒಂದೂವರೆ ಪಟ್ಟು ಹಾಕಿ, ಬ್ಯಾಟರಿಯನ್ನು ಲೈನಿನಿಂದಲೂ ತುಂಬುವ ದಾರಿ ಉಳಿಸಿಕೊಳ್ಳಿ.

ನೀರಾವರಿಗೆ ಬ್ಯಾಟರಿ ಬೇಡ. ನೀರನ್ನೇ ಕೃಷಿ ಹೊಂಡದಲ್ಲಿ ಸಂಗ್ರಹಿಸುವುದು ಅಗ್ಗ. ಕುಸುಮ್ ಬಿ ಯೋಜನೆಯಲ್ಲಿ ಸೌರ ಪಂಪಿಗೆ ಕೇಂದ್ರ ಶೇಕಡಾ 30, ರಾಜ್ಯ 50 ಕೊಡುತ್ತವೆ. ರೈತರ ಪಾಲು 20. ಟಿಸಿಯಿಂದ, ಅಂದರೆ ಟ್ರಾನ್ಸ್‌ಫಾರ್ಮರ್‌ನಿಂದ, 500 ಮೀಟರ್‌ಗಿಂತ ದೂರದ ಬಾವಿಗಳಿಗೆ ಇದೇ ದಾರಿ. ಹತ್ತಿರದಲ್ಲಿದ್ದು 10 ಎಚ್‌ಪಿವರೆಗಿನ ಉಚಿತ ಕರೆಂಟು ಈಗಾಗಲೇ ಇರುವವರು ಆತುರಪಡಬೇಕಿಲ್ಲ. ಉಪಕೇಂದ್ರದ ಬಳಿಯೇ ಸೌರ ಘಟಕ ಕೂರಿಸಿ ಹಗಲು ಏಳು ತಾಸು ಕೊಡುವ ಕುಸುಮ್ ಸಿಯ ರಾಜ್ಯದ ಮೊದಲ ಘಟಕಕ್ಕೆ 2025ರ ಜೂನ್‌ನಲ್ಲಿ ಗೌರಿಬಿದನೂರಿನ ತೊಂಡೇಬಾವಿಯಲ್ಲಿ ಚಾಲನೆ ಸಿಕ್ಕಿದೆ. ನಿಮ್ಮ ಉಪಕೇಂದ್ರ ಆ ಪಟ್ಟಿಯಲ್ಲಿದೆಯೇ ವಿಚಾರಿಸಿ. ಇಂಡಿ, ತಿಕೋಟಾ ಕಡೆಯ ಆಳದ ಬೋರುಗಳವರು ಎಚ್‌ಪಿ ಒಂದನ್ನೇ ನೋಡಿ ಪಂಪು ಆರಿಸಬೇಡಿ. ನೀರು ಎಷ್ಟು ಅಡಿಯಿಂದ ಏಳಬೇಕು ಎಂದು ಮೊದಲು ಅಳೆಸಿ. ಮೋಡದ ದಿನ ಆ ಆಳದಿಂದ ನೀರು ಮೇಲಕ್ಕೇ ಬರುವುದಿಲ್ಲ.

ಹಾಕಿಸಿದ ಮೇಲೆ

ಬಿಸಿಲು ಹೆಚ್ಚಾದಷ್ಟೂ ಕರೆಂಟು ಹೆಚ್ಚು ಎಂಬುದು ಅರ್ಧ ಸತ್ಯ. ಮೇ ತಿಂಗಳಲ್ಲಿ ಪ್ಯಾನೆಲ್ಲಿನ ಮೈ 60 ಡಿಗ್ರಿ ದಾಟುತ್ತದೆ. 25ರ ಮೇಲೆ ಏರುವ ಒಂದೊಂದು ಡಿಗ್ರಿಗೂ ಉತ್ಪಾದನೆ ಶೇಕಡಾ 0.3ರಿಂದ 0.4ರಷ್ಟು ತಗ್ಗುತ್ತದೆ. ಅದಕ್ಕೇ ಪ್ಯಾನೆಲ್ಲನ್ನು ಛಾವಣಿಗೆ ಅಂಟಿಸಿದಂತೆ ಕೂರಿಸದೆ ಕೆಳಗೆ ಗಾಳಿ ಆಡಲು ಬಿಡಿ, ದಕ್ಷಿಣಕ್ಕೆ 15–17 ಡಿಗ್ರಿ ಓರೆ ಮಾಡಿ. ಧೂಳು ಒರೆಸುವುದು ಬೆಳಗಿನ ಜಾವ. ಕಾದ ಗಾಜಿನ ಮೇಲೆ ತಣ್ಣೀರು ಎರಚಬೇಡಿ. ಸವಳು ನೀರು ಒಣಗಿದ ಬಿಳಿ ಕಲೆ ಧೂಳಿಗಿಂತ ಕೆಟ್ಟದ್ದು.

ಅಕ್ಕನ ಮನೆಗೆ ನಾವು ಕಡೆಗೆ ಪ್ರತ್ಯೇಕವಾಗಿ ಚಿಕ್ಕ ಇನ್ವರ್ಟರ್, 100 ಎಎಚ್ ಲಿಥಿಯಂ ತಂದು ಅತ್ತೆಯವರ ಕೋಣೆ, ಅಡುಗೆಮನೆ ಎರಡಕ್ಕೇ ಬೇರೆ ವೈರ್ ಎಳೆಸಿದೆವು. ಮೊದಲೇ ಮಾಡಿದ್ದರೆ ಲಕ್ಷ ರೂಪಾಯಿ ಉಳಿಯುತ್ತಿತ್ತು.

ನೀವು ಮುಂಗಡ ಕೊಡುವ ಮುನ್ನ ಒಂದು ಕೆಲಸ ಮಾಡಿ. ಮಾರುವವರು ಎರಡು ವರ್ಷದ ಹಿಂದೆ ಹಾಕಿಕೊಟ್ಟ ಒಂದು ಮನೆಗೆ ನಿಮ್ಮನ್ನು ಕರೆದೊಯ್ಯಲು ಹೇಳಿ. ಬಿಸಿಲಿರುವ ಹೊತ್ತಿನಲ್ಲಿ ಹೋಗಿ. ಮನೆಯವರ ಒಪ್ಪಿಗೆ ಪಡೆದು ಮೇನ್ ಸ್ವಿಚ್ ಇಳಿಸಲು ಹೇಳಿ, ಆಮೇಲೆ ತಲೆ ಎತ್ತಿ ಫ್ಯಾನಿನ ಕಡೆ ನೋಡಿ.